ವಾರಕ್ಕೊಂದು ಮಾತ್ರೆ, ಐದು ವರ್ಷದ ಲೆಕ್ಕ

ಹಿಟ್ಟು ತಿಂದವರು ಬೆಟ್ಟ ಕಿತ್ತಿಡುತ್ತಾರೆ ಎಂದು ನಂಬಿದ ಸೀಮೆ ನಾಗಮಂಗಲ, ಕೆ.ಆರ್. ಪೇಟೆಯದು. ನಂಬಿಕೆಗೆ ಬುಡವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಬೆಳೆಯುವ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ಮುಟ್ಟು ನಿಂತು ಈಸ್ಟ್ರೊಜೆನ್ ಇಳಿದ ಮೇಲೆ ಮುದ್ದೆಯೊಂದೇ ಮೂಳೆಯನ್ನು ಕಾಯಲಾರದು. ಹಳೆಯ ಮೂಳೆಯನ್ನು ಕೆರೆದು ತೆಗೆಯುವ ಕೋಶಗಳ ಕೈ ಮೇಲಾಗುತ್ತದೆ, ಹೊಸದು ಕಟ್ಟುವ ಕೋಶಗಳು ಹಿಂದೆ ಬೀಳುತ್ತವೆ. ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ.

ಮಂಡಿನೋವನ್ನೂ ನಮ್ಮ ಕಡೆ ‘ಮೂಳೆ ಸವೆತ’ ಎನ್ನುತ್ತಾರೆ. ಅಲ್ಲಿ ಸವೆದಿರುವುದು ಕೀಲಿನ ಮೆತ್ತೆ. ಟೊಳ್ಳು ಮೂಳೆ ತಾನಾಗಿ ನೋಯುವುದಿಲ್ಲ. ಬಚ್ಚಲಲ್ಲಿ ಜಾರಿ ತೊಡೆಸಂದು ಮುರಿದ ದಿನ ಗೊತ್ತಾಗುತ್ತದೆ. ಹೀಗಾಗಿ ಟೊಳ್ಳು ಮೂಳೆಗೆಂದು ವಾರಕ್ಕೊಂದು ಮಾತ್ರೆ ನುಂಗುವವರಿಗೆ ಅದರ ಗುಣ ಕಾಣುವುದಿಲ್ಲ, ಗ್ಯಾಸ್ಟ್ರಿಕ್ ಮಾತ್ರ ಕಾಣುತ್ತದೆ. ಎಷ್ಟೋ ಜನ ಅಷ್ಟಕ್ಕೇ ಬಿಟ್ಟುಬಿಡುತ್ತಾರೆ.

ಅಲೆಂಡ್ರೊನೇಟ್ ಎಂಬ ಈ ಮಾತ್ರೆ ಮೂಳೆ ಕೆರೆಯುವ ಕೋಶಗಳನ್ನು ತಡೆಯುತ್ತದೆ. ಬೆನ್ನುಮೂಳೆ ಆಗಲೇ ಕುಸಿದಿದ್ದ 2,027 ಅಮೆರಿಕನ್ ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1996ರಲ್ಲಿ ಬಂತು. ಸುಮಾರು ಮೂರು ವರ್ಷದಲ್ಲಿ ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಸಾವಿರಕ್ಕೆ 22 ಮಂದಿಯ ತೊಡೆಸಂದು ಮುರಿದರೆ, ಔಷಧಿ ಪಡೆದವರಲ್ಲಿ 11.

ಇನ್ನು ಭಯದ ವಿಷಯ. ಕೆರೆಯುವ ಕೆಲಸ ವರ್ಷಗಟ್ಟಲೆ ನಿಂತರೆ ಮೂಳೆಯ ಸಣ್ಣ ಬಿರುಕುಗಳು ರಿಪೇರಿಯಾಗದೆ ಉಳಿಯಬಹುದು. ತೀರಾ ಅಪರೂಪಕ್ಕೆ ತೊಡೆಮೂಳೆ ನಡುವೆಯೇ ಅಡ್ಡಲಾಗಿ ಮುರಿಯುತ್ತದೆ. ಕ್ಯಾಲಿಫೋರ್ನಿಯಾದ ಸುಮಾರು 1,96,000 ಮಹಿಳೆಯರ ದಾಖಲೆ ನೋಡಿದ 2020ರ ಅಧ್ಯಯನದ ಲೆಕ್ಕ ಹೀಗಿದೆ: 10,000 ಬಿಳಿಯ ಮಹಿಳೆಯರು ಮೂರು ವರ್ಷ ಔಷಧಿ ಪಡೆದರೆ 149 ತೊಡೆಸಂದಿನ ಮುರಿತ ತಪ್ಪುತ್ತದೆ, ಇಂಥ ವಿಚಿತ್ರ ಮುರಿತ 2. ಏಷ್ಯಾ ಮೂಲದವರಲ್ಲಿ ತಪ್ಪುವುದು 91, ಆಗುವುದು 8. ತಕ್ಕಡಿ ಆಗಲೂ ಔಷಧಿಯ ಕಡೆಗೇ ವಾಲುತ್ತದೆ, ಆದರೆ ಅಷ್ಟು ಜೋರಾಗಿ ಅಲ್ಲ. ಹಾಗಾಗಿ ಒಮ್ಮೆ ಮೂಳೆ ಮುರಿದವರು ಹೆದರದೆ ತೆಗೆದುಕೊಳ್ಳಲಿ ಎಂದೇ ನನ್ನ ಅನಿಸಿಕೆ. ಐದು ವರ್ಷವಾದ ಮೇಲೆ ಮುಂದುವರಿಸಬೇಕೇ ಎಂದು ಡಾಕ್ಟರನ್ನು ಕೇಳಲೇಬೇಕು. ಔಷಧಿ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅಪಾಯ ಕಡಿಮೆ ಇರುವವರು ಬಿಡುವು ಕೊಡಬಹುದು. ನಡುವೆ ತೊಡೆಯಲ್ಲೋ ತೊಡೆಸಂದಿನಲ್ಲೋ ಮಂದವಾದ ನೋವು ಶುರುವಾದರೆ ಎರಡೂ ತೊಡೆಗಳ ಎಕ್ಸ್‌ರೇ ಆಗಬೇಕು.

ಗ್ಯಾಸ್ಟ್ರಿಕ್‌ಗೆ ದಾರಿ ಸುಲಭ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರಿ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು. ಕಾಫಿ, ಹಾಲು, ರಾಗಿ ಗಂಜಿ, ಎಲೆಯಡಿಕೆ ಎಲ್ಲವೂ ಆಮೇಲೆ. ನೀರಲ್ಲಿ ನುಂಗಿದರೂ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಪಾಲೂ ಇಲ್ಲ. ಹಾಲಿನ ಕ್ಯಾಲ್ಸಿಯಂ, ಎಲೆಗೆ ಸವರಿದ ಸುಣ್ಣ ಅದನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಈ ಔಷಧಿಯಿಂದ ದವಡೆಮೂಳೆ ಕೊಳೆಯುವ ತೊಂದರೆಯೂ ಅಪರೂಪ, ಆದರೂ ಹುಳುಕು ಹಲ್ಲು ಕೀಳಿಸುವುದಿದ್ದರೆ ಔಷಧಿಗೆ ಮುಂಚೆಯೇ ಕೀಳಿಸಿಕೊಳ್ಳುವುದು ಮೇಲು.

ಮಾತ್ರೆ ಆಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೋಲೆಡ್ರೊನಿಕ್ ಆಮ್ಲವಿದೆ; ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್‌ನ ಸ್ವಭಾವ ಬೇರೆ. ಅದು ಮೂಳೆಯಲ್ಲಿ ಉಳಿಯುವುದಿಲ್ಲ. ಕಟಾವು, ಮದುವೆ ಎಂದು ತಿಂಗಳುಗಟ್ಟಲೆ ತಪ್ಪಿಸಿದರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು. ಹಳ್ಳಿಯಿಂದ ಮೈಸೂರಿಗೋ ಬೆಳ್ಳೂರಿಗೋ ಬಸ್ಸು ಹತ್ತಿ ಬರುವ ಅಜ್ಜಿಗೆ ಇದನ್ನು ಬರೆಯುವ ಮುಂಚೆ, ಆರು ತಿಂಗಳ ಮೇಲೆ ಜೊತೆಗೆ ಬರುವವರು ಯಾರು ಎಂದು ಕೇಳಿಕೊಳ್ಳಬೇಕು.