ಇಗರ್ಜಿಯ ದಫ್ತರದಲ್ಲಿ ಉಳಿದ ಊರುಗಳು

ಒಂದು ಜನಾಂಗವು ತನ್ನ ಪೂರ್ವಿಕರನ್ನು ತನ್ನನ್ನು ಆಳಿದವರ ಕಡತಗಳಲ್ಲಿಯೇ ಅರಸಬೇಕಾಗಿ ಬರುವುದು ಚರಿತ್ರೆಯ ಕ್ರೂರ ವಿಪರ್ಯಾಸಗಳಲ್ಲೊಂದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಕ್ಯಾಲಿಫೋರ್ನಿಯದ ಮೂಲನಿವಾಸಿಗಳ ಪಾಡು ಇಂಥದು.

1769ರಲ್ಲಿ ಸ್ಪೇನಿನ ಪಾದ್ರಿ ಹುನಿಪೆರೊ ಸೆರ್ರಾ ಅವರು ಸ್ಯಾನ್ ಡಿಯೇಗೊದಲ್ಲಿ ಅಲ್ಲಿಯ ಮೊದಲ ಮಿಷನ್ನನ್ನು ಸ್ಥಾಪಿಸಿದರು. 1823ರ ವೇಳೆಗೆ ಇಂಥ ಮಿಷನ್ನುಗಳು 21 ಆದವು. ಜ್ಞಾನಸ್ನಾನ ಪಡೆದವರು ಅಪ್ಪಣೆಯಿಲ್ಲದೆ ಹೊರಟುಹೋಗುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ಸಂತರ ಹೆಸರು ಬಂದಿತು. ಹುಟ್ಟುಹೆಸರು ಮರೆಗೆ ಸರಿಯಿತು.

ಆದರೆ ಪಾದ್ರಿಗಳು ದಾಖಲೆಯಲ್ಲಿ ಬಲು ಕಟ್ಟುನಿಟ್ಟಿನವರು. ನಿಕಟ ರಕ್ತಸಂಬಂಧಿಗಳ ವಿವಾಹವನ್ನು ಇಗರ್ಜಿಯ ಕಟ್ಟಳೆ ನಿಷೇಧಿಸುತ್ತಿದ್ದುದರಿಂದ ಯಾರು ಯಾರ ಮಕ್ಕಳೆಂಬುದನ್ನು ಅವರು ಅರಿತಿರಲೇಬೇಕಿತ್ತು. ಜ್ಞಾನಸ್ನಾನವಾದ ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ. ಅದರೊಡನೆ ವಯಸ್ಸು, ತಂದೆತಾಯಿಗಳು, ಹುಟ್ಟಿದ ಹಳ್ಳಿ, ಅನೇಕ ವೇಳೆ ಮೂಲದ ಹೆಸರು ಕೂಡ. ವಿವಾಹ, ಮರಣಗಳ ಪುಸ್ತಕಗಳಲ್ಲಿ ಅದೇ ಸಂಖ್ಯೆ ಮತ್ತೆ ತಲೆದೋರುವುದುಂಟು. ಆ ಎಳೆಯನ್ನು ಹಿಡಿದರೆ ಒಂದು ಜೀವ ತೊಟ್ಟಿಲಿನಿಂದ ಗೋರಿಯವರೆಗೆ ನಡೆದ ದಾರಿ ಕಾಣುತ್ತದೆ. 1775ರಲ್ಲಿ ಕುಮೆಯಾಯ್ ಜನರು ದಂಗೆಯೆದ್ದು ಸ್ಯಾನ್ ಡಿಯೇಗೊ ಮಿಷನ್ನನ್ನು ಸುಟ್ಟಾಗ ಪುಸ್ತಕಗಳೂ ಬೂದಿಯಾದವು; ಪಾದ್ರಿಗಳು ಅವನ್ನು ನೆನಪಿನ ಬಲದಿಂದ ಪುನಃ ಬರೆದರು.

ಲಾಸ್ ಏಂಜಲಿಸ್ ಬಳಿಯ ಹಂಟಿಂಗ್ಟನ್ ಗ್ರಂಥಾಲಯವು 2006ರಲ್ಲಿ ಈ ದಾಖಲೆಗಳನ್ನು ಒಟ್ಟುಗೂಡಿಸಿ ಸಂಶೋಧಕರಿಗೆ ತೆರೆದಿಟ್ಟಿತು. 1769ರಿಂದ 1850ರವರೆಗೆ ಜ್ಞಾನಸ್ನಾನಗಳು ಒಂದು ಲಕ್ಷಕ್ಕೂ ಮಿಕ್ಕು; ಮರಣಗಳು ಸುಮಾರು 71,000. ಬಹುಪಾಲು ಮೂಲನಿವಾಸಿಗಳವೇ. 1806ರ ದಡಾರದಂಥ ಪಿಡುಗುಗಳ ಕಥೆಯನ್ನು ಆ ಅಂಕೆಗಳು ಮೌನವಾಗಿ ಹೇಳುತ್ತವೆ.

ಕಠಿಣವಾದ ಕೊಂಡಿ ನಡುವಿನದು. 1848ರಲ್ಲಿ ನಾಡು ಅಮೆರಿಕದ ವಶವಾಯಿತು. ಮೂಲನಿವಾಸಿಗಳ ಮೇಲೆ ದಂಡೆತ್ತಿಹೋದ ತುಕಡಿಗಳ ವೆಚ್ಚವನ್ನು ಸರ್ಕಾರವೇ ಭರಿಸಿತು. ಜೀವ ಉಳಿಸಿಕೊಳ್ಳಲು ಅನೇಕ ಮನೆತನಗಳು ತಾವು ಮೆಕ್ಸಿಕನರೆಂದು ಹೇಳಿಕೊಂಡವು. 1925ರಲ್ಲಿ ಮಾನವಶಾಸ್ತ್ರಜ್ಞ ಕ್ರೋಬರ್ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಓಲೋನಿ ಜನರು ಬಹುಮಟ್ಟಿಗೆ ನಿರ್ನಾಮವಾದರೆಂದು ಬರೆದರು. ಅವರ ಮಕ್ಕಳಾದರೋ ಬದುಕಿದ್ದರು.

ಆ ಪ್ರದೇಶದ ಮುವೆಕ್ಮಾ ಓಲೋನಿ ಪಂಗಡವು ಸರ್ಕಾರದ ಮನ್ನಣೆ ಕೋರಿದಾಗ ತನ್ನ ವಂಶಪರಂಪರೆಯನ್ನು ಸಿದ್ಧಪಡಿಸಿ ತೋರಿಸಿತು. ಅಧಿಕಾರಿಗಳು ಅದನ್ನು ಒಪ್ಪಿದರು; ಆದರೆ ಪಂಗಡವಾಗಿ ಎಡೆಬಿಡದೆ ಬಾಳಿದುದಕ್ಕೆ ಪುರಾವೆ ಸಾಲದೆಂದು 2002ರಲ್ಲಿ ಮನ್ನಣೆಯನ್ನು ನಿರಾಕರಿಸಿದರು. ಚದುರಿಸಿದವರೇ ಚದುರಿದುದೇಕೆಂದು ಕೇಳಿದಂತಾಯಿತು!

ಇಗರ್ಜಿಯ ಪುಸ್ತಕ ವಂಶವನ್ನು ಹೇಳಬಲ್ಲುದು. ಭಯದಿಂದ ಮೌನವಾಗಿ ಬಾಳಿದ ವರ್ಷಗಳನ್ನು ಹೇಳಲಾರದು. ಆ ಭಾಗಕ್ಕೆ ಅಜ್ಜಿಯರ ಮಾತೇ ದಾಖಲೆ. ಎರಡನ್ನೂ ಜೊತೆಯಲ್ಲಿಟ್ಟು ಓದುವವನಿಗೆ ಮಾತ್ರ ಆ ಜನರ ಚರಿತ್ರೆ ತನ್ನ ಪೂರ್ಣರೂಪವನ್ನು ತೋರೀತು.