ಮೊಳಕಾಲ್ಮೂರಿನ ಫೋನಿಗೆ ಬೇಡದ ವಿಡಿಯೊ ಯಾಕೆ ಬರುತ್ತದೆ?

ಮೊಳಕಾಲ್ಮೂರಿನಿಂದ ಗಡಿ ದಾಟಿದರೆ ಆಂಧ್ರದ ರಾಯದುರ್ಗ. ಚಳ್ಳಕೆರೆ ಕಡೆಯ ಹಳ್ಳಿಗಳಲ್ಲೂ ಮನೆಯೊಳಗೆ ತೆಲುಗು, ಪೇಟೆಯಲ್ಲಿ ಕನ್ನಡ ಆಡುವವರು ಬಹಳ. ಇಂಥ ಕಡೆ ಶೇಂಗಾ ಬಿತ್ತನೆಯ ಮಾಹಿತಿಗೆಂದು ಯೂಟ್ಯೂಬ್ ತೆರೆದವರ ಮುಂದೆ ತೆಲುಗು ಸಿನಿಮಾದ ತುಣುಕುಗಳೇ ಸಾಲುಗಟ್ಟಬಹುದು. ನೋಡುವವರಿಗೆ ಅದು ಕಿರಿಕಿರಿ. ಯಂತ್ರದ ಲೆಕ್ಕದಲ್ಲಿ ಮಾತ್ರ ಅದು ತಪ್ಪಲ್ಲ. ನಾವು ಬೇಕೆಂದದ್ದಕ್ಕಿಂತ ನಾವು ನೋಡುತ್ತ ಕೂತದ್ದಕ್ಕೆ ಅದು ಹೆಚ್ಚು ಬೆಲೆ ಕಟ್ಟುತ್ತದೆ.

ಈ ಲೆಕ್ಕ ಹಳೆಯದು. 1992ರಲ್ಲಿ ಅಮೆರಿಕದ ಪಾಲೊ ಆಲ್ಟೊದ ಜೆರಾಕ್ಸ್ ಪ್ರಯೋಗಾಲಯದವರು ಇಮೇಲ್‌ಗಳ ರಾಶಿ ಸೋಸಲು ‘ಟ್ಯಾಪೆಸ್ಟ್ರಿ’ ಎಂಬ ವ್ಯವಸ್ಥೆ ಕಟ್ಟಿದರು. ಒಬ್ಬರು ಓದಿ ಹಾಕಿದ ಗುರುತು ಇನ್ನೊಬ್ಬರ ಆಯ್ಕೆಗೆ ನೆರವಾಗುತ್ತಿತ್ತು. ಇಂದು ಗುರುತು ಹಾಕುವ ಕೆಲಸವೂ ಇಲ್ಲ, ನೋಡಿದ್ದೇ ಗುರುತು. ನಿಮ್ಮಂತೆಯೇ ನೋಡುವ ಸಾವಿರಾರು ಜನ ಮುಂದೆ ಏನು ನೋಡಿದರೋ ಅದು ನಿಮಗೂ ಬರುತ್ತದೆ. 2012ರಲ್ಲಿ ಯೂಟ್ಯೂಬ್, ಎಷ್ಟು ಸಲ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಒತ್ತು ಕೊಟ್ಟಿತು. ಅದರ ಎಂಜಿನಿಯರುಗಳು 2016ರಲ್ಲಿ ವಿವರಿಸಿದಂತೆ, ಲಕ್ಷಾಂತರ ವಿಡಿಯೊಗಳನ್ನು ಮೊದಲು ಕೆಲವು ನೂರಕ್ಕೆ ಇಳಿಸಿ, ಆಮೇಲೆ ನೀವು ಎಷ್ಟು ಹೊತ್ತು ನೋಡಬಹುದೆಂದು ಅಂದಾಜಿಸಿ ಸಾಲಿಗೆ ನಿಲ್ಲಿಸುತ್ತಾರೆ. ಮನೆಗೆಲ್ಲ ಒಂದೇ ಫೋನಾದರೆ ಅಜ್ಜಿಯ ಭಜನೆ, ಮೊಮ್ಮಗನ ಕಾರ್ಟೂನು, ಅಪ್ಪನ ಕೃಷಿ ಎಲ್ಲ ಒಬ್ಬರದೇ ಅಭಿರುಚಿಯೆಂದು ದಾಖಲಾಗುತ್ತದೆ.

ಬೇಡವೆನ್ನಲು ಗುಂಡಿಗಳಿವೆಯಲ್ಲ? 2022ರಲ್ಲಿ ಮೊಜಿಲ್ಲಾ ಸಂಸ್ಥೆ 20,000ಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಅವನ್ನು ಪರೀಕ್ಷಿಸಿತು. ‘ಆಸಕ್ತಿ ಇಲ್ಲ’ ಎಂಬುದು ಬೇಡದ ಶಿಫಾರಸುಗಳಲ್ಲಿ ಶೇ 11ರಷ್ಟನ್ನು ಮಾತ್ರ ತಡೆದಿತ್ತು. ನೋಡಿದ ಇತಿಹಾಸದಿಂದ ವಿಡಿಯೊ ತೆಗೆದುಹಾಕಿದಾಗ ಶೇ 29, ‘ಈ ಚಾನೆಲ್ ಶಿಫಾರಸು ಮಾಡಬೇಡಿ’ ಎಂದಾಗ ಶೇ 43. ಒಂದು ವಿಡಿಯೊವನ್ನು ಬೇಡವೆನ್ನುವುದು ಕಳೆಯ ತುದಿ ಚಿವುಟಿದ ಹಾಗೆ. ಅಂಥದ್ದನ್ನೇ ಮಾಡುವ ಚಾನೆಲ್, ನೀವು ಅದನ್ನು ನೋಡಿದ ದಾಖಲೆ ಎರಡೂ ಉಳಿದಿರುತ್ತವೆ.

ಆದ್ದರಿಂದ ಚಾನೆಲನ್ನೇ ತಡೆಯಿರಿ, ಇತಿಹಾಸದಿಂದ ಅಳಿಸಿ, ಮಕ್ಕಳಿಗೆ ಬೇರೆ ಖಾತೆ ಮಾಡಿಕೊಡಿ. ಇತಿಹಾಸ ದಾಖಲಾಗುವುದನ್ನೇ ಪೂರ್ತಿ ನಿಲ್ಲಿಸುವುದೂ ಒಂದು ದಾರಿ. ಹಾಗೆ ನಿಲ್ಲಿಸಿದಾಗ ಹಳೆಯ ಇತಿಹಾಸ ಹೆಚ್ಚೇನೂ ಇಲ್ಲದಿದ್ದರೆ, 2023ರ ಆಗಸ್ಟ್‌ನಿಂದ ಯೂಟ್ಯೂಬ್‌ನ ಮುಖಪುಟ ಶಿಫಾರಸುಗಳಿಲ್ಲದೆ ಖಾಲಿಯಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ 2022ರಿಂದ, ನೀವು ಅನುಸರಿಸುವವರ ಪೋಸ್ಟ್‌ಗಳನ್ನು ಮಾತ್ರ ಹೊಸತು ಮೊದಲಾಗಿ ನೋಡಬಹುದು.

ಹಾಗೆಂದು ಕಾಲಾನುಕ್ರಮವೇ ಮದ್ದಲ್ಲ. 2020ರ ಅಮೆರಿಕ ಚುನಾವಣೆಯ ವೇಳೆ ಸಂಶೋಧಕರು ಕೆಲವರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಫೀಡನ್ನು ಹಾಗೆ ಬದಲಿಸಿ ನೋಡಿದರು. ಜನ ಅಲ್ಲಿ ಕಳೆವ ಹೊತ್ತು ಇಳಿಯಿತು. ನಂಬಲರ್ಹವಲ್ಲದ ಮೂಲಗಳ ಪೋಸ್ಟ್ ಮಾತ್ರ ಹೆಚ್ಚಾಯಿತು. ಯಾರನ್ನು ಅನುಸರಿಸುತ್ತೀರಿ ಎಂಬುದೂ ಅಷ್ಟೇ ಮುಖ್ಯ.

ಮಳೆ ಕಡಿಮೆಯಿರುವ ಮೊಳಕಾಲ್ಮೂರಿನ ಸೀಮೆಯಲ್ಲಿ ಬೇಡದ ವಿಡಿಯೊ ಬರೀ ಕಿರಿಕಿರಿಯ ಪ್ರಶ್ನೆಯಲ್ಲ. ಜನ ಹೆಚ್ಚು ಹೊತ್ತು ನೋಡಿದ ಹೋದ ವರ್ಷದ ಮಳೆಯ ವಿಡಿಯೊ ಈ ವರ್ಷದ ಬಿತ್ತನೆ ಹೊತ್ತಿಗೆ ಮತ್ತೆ ಮೇಲೆ ಬರಬಹುದು. ಮುಂಗಾರಿನ ಸುದ್ದಿಗೆ ಫೀಡ್ ಕಾಯದೆ ಹವಾಮಾನ ಇಲಾಖೆಯ ಪುಟವನ್ನು ನೀವೇ ಹುಡುಕಿ, ದಿನಾಂಕ ನೋಡಿ, ಆಮೇಲೆ ಬೀಜಕ್ಕೆ ಕೈಹಾಕಿ.