ಮೂಲಸಂಕೇತದಿಂದ ತಂತ್ರಾಂಶ ನಿರ್ಮಾಣ: ಗಂಗಾವತಿ ಸೀಮೆಯ ಜನಪದ ಪಠ್ಯಗಳ ಗಣಕೀಕರಣದ ಸಂದರ್ಭದಲ್ಲಿ

ಕ್ಷೇತ್ರಕಾರ್ಯದಲ್ಲಿ ದೊರೆತ ಹಾಡನ್ನು ಅಚ್ಚಿಗೆ ಒಪ್ಪಿಸಿದೊಡನೆ ಜಾನಪದ ಸಂಶೋಧಕರ ಹೊಣೆ ಮುಗಿಯುವುದಿಲ್ಲ. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಮೊಹರಂ ಪದಗಳು, ಬೀಸುವ ಪದಗಳು, ಬಯಲಾಟದ ಪಠ್ಯಗಳು ಅಚ್ಚುಮೊಳೆಯ ಕಾಲದ ಪುಸ್ತಕಗಳಲ್ಲಿ ಚದುರಿಹೋಗಿವೆ. ಕೊಪ್ಪಳ ಜಿಲ್ಲೆ ರಚನೆಯಾದದ್ದು 1997ರಲ್ಲಿ; ಅದಕ್ಕೂ ಹಿಂದಿನ ಸಂಗ್ರಹಗಳನ್ನು ರಾಯಚೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕಾಗುತ್ತದೆ. ಇವುಗಳ ಪುಟಗಳನ್ನು ಸ್ಕ್ಯಾನ್ ಮಾಡಿದರೆ ದೊರೆಯುವುದು ಚಿತ್ರ ಮಾತ್ರ. ಆ ಚಿತ್ರವನ್ನು ಪದಪದವಾಗಿ ಹುಡುಕಬಹುದಾದ ಪಠ್ಯವನ್ನಾಗಿಸುವ ವಿಧಾನಕ್ಕೆ ಓಸಿಆರ್ ಎಂದು ಹೆಸರು. ಅದಕ್ಕೆ ಬೇಕಾದ ತಂತ್ರಾಂಶವನ್ನು ಮೂಲಸಂಕೇತದಿಂದಲೇ ಕಟ್ಟಿಕೊಳ್ಳುವ ಕ್ರಮವನ್ನೂ, ಆ ಶ್ರಮ ಸಂಶೋಧಕರಿಗೆ ಏಕೆ ಅಗತ್ಯವೆಂಬುದನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಕನ್ನಡಕ್ಕೂ ಒದಗುವ ಮುಕ್ತ ಓಸಿಆರ್ ತಂತ್ರಾಂಶಗಳಲ್ಲಿ ಟೆಸರಾಕ್ಟ್ ಪ್ರಮುಖವಾದುದು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಆರಂಭವಾದ ಇದರ ಮೂಲಸಂಕೇತವನ್ನು 2005ರಲ್ಲಿ ಸಾರ್ವಜನಿಕಗೊಳಿಸಲಾಯಿತು. 2006ರಿಂದ ಹಲವು ವರ್ಷ ಗೂಗಲ್ ಸಂಸ್ಥೆಯ ಬೆಂಬಲ ದೊರೆಯಿತು. 2018ರ ನಾಲ್ಕನೆಯ ಆವೃತ್ತಿಯಿಂದ ಇದು ಬಿಡಿ ಅಕ್ಷರವನ್ನಲ್ಲದೆ ಇಡೀ ಸಾಲನ್ನು ಓದುವ ನರಜಾಲ ಮಾದರಿಯನ್ನು ಬಳಸುತ್ತಿದೆ. ಫಲಿತಾಂಶವು ಯೂನಿಕೋಡಿನಲ್ಲಿ ದೊರೆಯುವುದರಿಂದ, ಹಳೆಯ ಅಕ್ಷರಶೈಲಿಗಳಿಗೆ ಕಟ್ಟುಬಿದ್ದ ಕಡತಗಳ ತೊಡಕು ಇಲ್ಲಿಲ್ಲ.

ಮೂಲಸಂಕೇತವೆಂದರೆ ಮನುಷ್ಯರು ಓದಿ ತಿದ್ದಬಲ್ಲ ರೂಪದ ಸೂಚನೆಗಳ ಪಠ್ಯ. ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಕ್ರಿಯೆಯೇ ಕಂಪೈಲ್. ಗಣಕ ಪರಿಭಾಷೆಯ ಲೈಬ್ರರಿಯು ಪುಸ್ತಕ ಭಂಡಾರವಲ್ಲ. ಅನೇಕ ತಂತ್ರಾಂಶಗಳು ಸಮಾನವಾಗಿ ಬಳಸುವ ಸಿದ್ಧ ಕಾರ್ಯಗಳ ಕಟ್ಟು. ಪುಟದ ಚಿತ್ರವನ್ನು ತೆರೆಯುವುದು, ಕಪ್ಪುಬಿಳುಪಾಗಿಸುವುದು ಮುಂತಾದ ಕಾರ್ಯಗಳಿಗೆ ಟೆಸರಾಕ್ಟ್ ಅವಲಂಬಿಸಿರುವ ಲೈಬ್ರರಿ ಲೆಪ್ಟೋನಿಕಾ. ಆದ್ದರಿಂದ ಮೊದಲು ಕಟ್ಟಬೇಕಾದದ್ದು ಇದನ್ನೇ. ಕೊಪ್ಪಳದ ಸಮೀಪದ ಕಿನ್ನಾಳದ ಗೊಂಬೆಗೆ ತಳಲೇಪ ಒಣಗದೆ ಬಣ್ಣ ಹಚ್ಚಲಾಗದು; ಇಲ್ಲಿಯೂ ಕ್ರಮ ತಪ್ಪಿದರೆ ಮುಂದಿನ ಹಂತ ನಿಲ್ಲುವುದಿಲ್ಲ.

ಲಿನಕ್ಸ್ ವ್ಯವಸ್ಥೆಯಲ್ಲಿ ಈ ಕಾರ್ಯಕ್ಕೆ ನಾಲ್ಕು ಹಂತಗಳಿವೆ. ಮೂಲಸಂಕೇತದ ಕಟ್ಟನ್ನು ಇಳಿಸಿಕೊಂಡು ಬಿಚ್ಚಿದ ಬಳಿಕ, ಕಾನ್ಫಿಗರ್ ಎಂಬ ಆದೇಶವು ಗಣಕದಲ್ಲಿ ಏನೇನಿದೆ ಎಂಬುದನ್ನು ತಪಾಸಣೆ ಮಾಡುತ್ತದೆ. ಮೇಕ್ ಎಂಬುದು ಕಂಪೈಲ್ ಮಾಡುತ್ತದೆ. ಮೇಕ್ ಇನ್‌ಸ್ಟಾಲ್ ಎಂಬುದು ಸಿದ್ಧವಾದ ಕಡತಗಳನ್ನು ವ್ಯವಸ್ಥೆಯ ನಿಗದಿತ ಸ್ಥಾನಗಳಲ್ಲಿ ಇರಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಆಡಳಿತಾಧಿಕಾರ ಬೇಕು. ಕೊನೆಯ ಎಲ್‌ಡಿಕಾನ್ಫಿಗ್ ಹೊಸ ಲೈಬ್ರರಿಯ ಇರುವನ್ನು ವ್ಯವಸ್ಥೆಗೆ ತಿಳಿಸುತ್ತದೆ. ಇದನ್ನು ಮರೆತರೆ, ಲೈಬ್ರರಿಯು ಕಣ್ಣೆದುರಿಗಿದ್ದರೂ ಸಿಗಲಿಲ್ಲವೆಂಬ ಸೂಚನೆ ಬರುವುದುಂಟು. ಲೆಪ್ಟೋನಿಕಾ ಮುಗಿದ ಮೇಲೆ ಇದೇ ಕ್ರಮದಲ್ಲಿ ಟೆಸರಾಕ್ಟನ್ನು ಕಟ್ಟಬೇಕು. ಕನ್ನಡದ ಭಾಷಾ ದತ್ತಾಂಶ ಪ್ರತ್ಯೇಕ ಕಡತ. ಅದನ್ನು ತಂದು ಟೆಸ್‌ಡೇಟಾ ಎಂಬ ಕೋಶದಲ್ಲಿ ಇಡದಿದ್ದರೆ ತಂತ್ರಾಂಶ ಕನ್ನಡವನ್ನು ಓದುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನನ್ನ ಮೊದಲ ಪ್ರಯತ್ನದಲ್ಲಿ ಎಲ್ಲ ಹಂತಗಳೂ ದೋಷವಿಲ್ಲದೆ ಮುಗಿದವು. ಆದರೆ ಟಿಫ್ ರೂಪದಲ್ಲಿದ್ದ ಒಂದು ಪುಟವೂ ತೆರೆಯಲಿಲ್ಲ. ಟಿಫ್ ಲೈಬ್ರರಿಯ ಹೆಡರ್ ಕಡತಗಳು ಗಣಕದಲ್ಲಿ ಇರಲಿಲ್ಲ. ಲೆಪ್ಟೋನಿಕಾ ಆ ಭಾಗವನ್ನು ಬಿಟ್ಟು ಸದ್ದಿಲ್ಲದೆ ಸಿದ್ಧವಾಗಿತ್ತು. ಕಾನ್ಫಿಗರ್ ನೀಡುವ ವರದಿಯನ್ನು ಓದಿದ್ದರೆ ಒಂದು ದಿನದ ಶ್ರಮ ಉಳಿಯುತ್ತಿತ್ತು. ಟೆಸರಾಕ್ಟಿಗೆ ಅದರ ಆವೃತ್ತಿಯನ್ನು ಕೇಳಿದರೆ, ಯಾವ ಲೆಪ್ಟೋನಿಕಾ ಮತ್ತು ಯಾವ ಚಿತ್ರ ಲೈಬ್ರರಿಗಳೊಡನೆ ಅದು ಜೋಡಣೆಯಾಗಿದೆ ಎಂಬುದನ್ನು ತಿಳಿಸುತ್ತದೆ. ಕಾರ್ಯಾರಂಭಕ್ಕೆ ಮೊದಲು ಈ ಪರೀಕ್ಷೆ ನಡೆಸುವುದು ಯುಕ್ತ.

ಸಿದ್ಧರೂಪದ ಕಟ್ಟುಗಳು ಸುಲಭವಾಗಿ ದೊರೆಯುವಾಗ ಇಷ್ಟು ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಉತ್ತರವು ಈ ಸೀಮೆಯ ನುಡಿಯಲ್ಲಿದೆ. ಇಲ್ಲಿನ ಹಾಡುಗಾರರು ‘ಬಂದಾನ’ ಎನ್ನುತ್ತಾರೆ; ಬಂದಿದ್ದಾನೆ ಎಂಬುದು ಅದರರ್ಥ. ಮಾಸಿದ ಅಚ್ಚಿನಲ್ಲಿ ನ ಮತ್ತು ಗ ಅಕ್ಷರಗಳು ಹತ್ತಿರವಾಗಿ ಕಾಣುತ್ತವೆ. ಶಿಷ್ಟ ಕನ್ನಡದ ಪದಪಟ್ಟಿಯನ್ನು ಹೊತ್ತ ತಂತ್ರಾಂಶ ಅದನ್ನು ‘ಬಂದಾಗ’ ಎಂದು ಓದುವ ಸಾಧ್ಯತೆಯುಂಟು. ಆಗ ಕ್ರಿಯೆಯೇ ಕಾಲಸೂಚಕವಾಗಿ ಬದಲಾಗುತ್ತದೆ. ಅರ್ಥವಿಲ್ಲದ ತಪ್ಪು ಕಣ್ಣಿಗೆ ಬೀಳುತ್ತದೆ. ಅರ್ಥವಿರುವ ತಪ್ಪು ಪಾಠಾಂತರದಂತೆ ಉಳಿದುಬಿಡುತ್ತದೆ. ಮುಂದಿನ ಸಂಶೋಧಕರು ಅದನ್ನು ಹಾಡುಗಾರರ ಮಾತೆಂದೇ ನಂಬುವರು.

ಪದಪಟ್ಟಿಯನ್ನು ಬಳಸದಂತೆ ಟೆಸರಾಕ್ಟಿಗೆ ಸೂಚಿಸಬಹುದು. ಆದರೆ ಮಾದರಿಯು ತಾನು ಕಲಿತ ಪಠ್ಯದ ಒಲವನ್ನು ಉಳಿಸಿಕೊಂಡಿರುವುದರಿಂದ ಅದೊಂದೇ ಸಾಲದು. ಮೂಲಸಂಕೇತದೊಡನೆ ಬರುವ ತರಬೇತಿ ಸಾಧನಗಳನ್ನು ಮೇಕ್ ಟ್ರೇನಿಂಗ್ ಎಂಬ ಆದೇಶದಿಂದ ಪ್ರತ್ಯೇಕವಾಗಿ ಕಟ್ಟಿಕೊಂಡು, ಕೈಯಾರೆ ತಿದ್ದಿದ ಪ್ರಾದೇಶಿಕ ಸಾಲುಗಳನ್ನು ಮಾದರಿಗೆ ಕಲಿಸಬಹುದು. ಇದಕ್ಕೆ ‘ಬೆಸ್ಟ್’ ವರ್ಗದ ಭಾಷಾ ದತ್ತಾಂಶವೇ ಆಧಾರವಾಗಬೇಕು. ‘ಫಾಸ್ಟ್’ ವರ್ಗದ್ದು ಒದಗದು. ಮೂಲಸಂಕೇತ ಕೈಯಲ್ಲಿದ್ದರೆ, ವರ್ಷಗಳ ನಂತರವೂ ಅದೇ ಆವೃತ್ತಿಯನ್ನು ಮತ್ತೆ ಕಟ್ಟಿ ಫಲಿತಾಂಶವನ್ನು ಪರಿಶೀಲಿಸಬಹುದೆಂಬುದೂ ಗಮನಾರ್ಹ.

ಹಾಡಿದವರ ಹೆಸರು, ಊರು, ದಿನಾಂಕಗಳಿಲ್ಲದ ಸಂಗ್ರಹವನ್ನು ಜಾನಪದ ಶಾಸ್ತ್ರ ಒಪ್ಪುವುದಿಲ್ಲ. ಗಣಕ ಓದಿದ ಪಠ್ಯಕ್ಕೂ ಇದೇ ನಿಯಮ ಅನ್ವಯಿಸಬೇಕು. ತಂತ್ರಾಂಶದ ಆವೃತ್ತಿ, ಅದು ಜೋಡಣೆಯಾದ ಲೈಬ್ರರಿ, ಬಳಸಿದ ಭಾಷಾ ದತ್ತಾಂಶ, ಪದಪಟ್ಟಿಯ ಬಳಕೆ ಇವಿಷ್ಟನ್ನೂ ಪಠ್ಯದೊಡನೆ ದಾಖಲಿಸುವುದು ಅವಶ್ಯ. ಗ್ರಂಥಾಲಯಗಳು ಪಠ್ಯ ಸಿದ್ಧವಾಯಿತೆಂದು ಪುಟದ ಚಿತ್ರಗಳನ್ನು ಕಳೆಯದೆ ಕಾಪಾಡಬೇಕು. ಸಂದೇಹ ಬಂದಾಗ ಹಾಡುಗಾರರ ನುಡಿಯ ಪರವಾಗಿ ಸಾಕ್ಷಿ ಹೇಳಲು ಉಳಿಯುವುದು ಆ ಅಚ್ಚಿನ ಪುಟ ಮಾತ್ರ.